ಮೀನಿನ ಭ್ರೂಣದ ಆರಂಭಿಕ ಬೆಳವಣಿಗೆಯಲ್ಲಿ ಸಣ್ಣ ಆರ್‌ಎನ್‌ಎಗಳಿಂದ ವಂಶವಾಹಿಗಳ ನಿಯಂತ್ರಣ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಮೀನುಮರಿ ಉತ್ಪಾದನೆ ಹಾಗೂ ಮರಿ ಪಾಲನೆಗೆ ಸಂಬಂಧಿಸಿದ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ. ಫಲಿತಗೊಂಡು ಮೊದಲ ಕೆಲವು ಗಂಟೆಗಳ ಕಾಲ ಸರಿಯಾಗಿಯೇ ವಿಭಜನೆ ಹೊಂದುತ್ತಿದ್ದ ಮೊಟ್ಟೆಗಳು ಅನಂತರ ಬಿಳಿಚಿಕೊಂಡು ಸಾಯುವುದೇಕೆ ಎಂಬುದೇ ಆ ಪ್ರಶ್ನೆ. ನೀರಿನ ಗುಣಮಟ್ಟ, ಆಮ್ಲಜನಕದ ಕೊರತೆ, ಉಷ್ಣಾಂಶದ ಏರಿಳಿತ, ಶಿಲೀಂಧ್ರದ ಬಾಧೆ ಮುಂತಾದ ಕಾರಣಗಳು ಎಲ್ಲರಿಗೂ ತಿಳಿದಿರುವಂಥವು. ಇವುಗಳ ಜೊತೆಗೆ, ಮೊಟ್ಟೆಯ ಒಳಗೇ ನಡೆಯುವ ಮತ್ತು ಬರಿಗಣ್ಣಿಗೆ ಕಾಣದ ಒಂದು ಮಹತ್ವದ ಘಟ್ಟವೂ ಇರುತ್ತದೆ. ಅದು ತಾಯಿಯಿಂದ ಭ್ರೂಣಕ್ಕೆ ಅಧಿಕಾರ ಹಸ್ತಾಂತರವಾಗುವ ಘಟ್ಟ.

ಭ್ರೂಣವು ತನ್ನ ಜೀವನವನ್ನು ತನ್ನ ಸ್ವಂತ ವಂಶವಾಹಿಗಳ ಆದೇಶದಿಂದ ಆರಂಭಿಸುವುದಿಲ್ಲ. ತಾಯಿಮೀನು ಮೊಟ್ಟೆಯಲ್ಲಿ ಇರಿಸಿದ ಆದೇಶಗಳಿಂದ ಆರಂಭಿಸುತ್ತದೆ. ಕೆಲವೇ ಗಂಟೆಗಳಲ್ಲಿ ಆ ಹಳೆಯ ಆದೇಶಗಳು ತೆರವಾಗಿ ಭ್ರೂಣದ ಸ್ವಂತ ಆದೇಶಗಳು ಜಾರಿಗೆ ಬರಬೇಕು. ಈ ತೆರವು ಕಾರ್ಯದಲ್ಲಿ ಸುಮಾರು 22 ಅಕ್ಷರಗಳಷ್ಟೇ ಉದ್ದವಿರುವ ಅತಿ ಸಣ್ಣ ಆರ್‌ಎನ್‌ಎಯೊಂದು ಪ್ರಮುಖ ಪಾತ್ರ ವಹಿಸುತ್ತದೆ. ಈ ವಿಷಯದಲ್ಲಿ ಇದುವರೆಗೆ ತಿಳಿದುಬಂದಿರುವ ಮುಖ್ಯ ಅಂಶಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಪುಟದಲ್ಲಿ ಕ್ರೋಡೀಕರಿಸಲಾಗಿದೆ.

2. ತಿಳಿದಿರಬೇಕಾದ ಪದಗಳು

ಅ) ವಂಶವಾಹಿ: ಜೀವಕೋಶದ ಕೇಂದ್ರದಲ್ಲಿರುವ ಡಿಎನ್‌ಎಯ ಒಂದು ಭಾಗ. ಬಹುಪಾಲು ವಂಶವಾಹಿಗಳಲ್ಲಿ ಒಂದೊಂದು ಪ್ರೋಟೀನನ್ನು ತಯಾರಿಸುವ ವಿಧಾನವು ಬರೆದಿರುತ್ತದೆ. ಇದನ್ನು ಮೂಲ ದಸ್ತಾವೇಜು ಎಂದು ಭಾವಿಸಬಹುದು.

ಆ) ಸಂದೇಶವಾಹಕ ಆರ್‌ಎನ್‌ಎ: ಮೂಲ ದಸ್ತಾವೇಜಿನಿಂದ ತೆಗೆದ ನಕಲು ಪ್ರತಿ. ಪ್ರೋಟೀನು ತಯಾರಿಸುವ ಘಟಕಗಳು ಓದುವುದು ಈ ನಕಲನ್ನು ಮಾತ್ರ. ಈ ಪುಟದಲ್ಲಿ ಮುಂದೆ ಇದನ್ನು 'ಸಂದೇಶ' ಎಂದಷ್ಟೇ ಕರೆಯಲಾಗಿದೆ. ಇದರ ತುದಿಯಲ್ಲಿ 'ಎ' ಎಂಬ ಒಂದೇ ಅಕ್ಷರವು ಸಾಲಾಗಿ ಪುನರಾವರ್ತನೆಯಾಗಿರುವ ಬಾಲವಿರುತ್ತದೆ.

ಇ) ಮೈಕ್ರೋ ಆರ್‌ಎನ್‌ಎ: ಸುಮಾರು 22 ಅಕ್ಷರಗಳ ಸಣ್ಣ ಆರ್‌ಎನ್‌ಎ. ಇದರಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಬೇರೆ ಸಂದೇಶಗಳನ್ನು ಗುರುತಿಸಿ ಅವುಗಳ ಕಾರ್ಯವನ್ನು ತಗ್ಗಿಸುವುದು ಅಥವಾ ನಿಲ್ಲಿಸುವುದು ಇದರ ಕೆಲಸ.

ಈ) ಡೈಸರ್: ಉದ್ದನೆಯ ಆರ್‌ಎನ್‌ಎಯನ್ನು ಕತ್ತರಿಸಿ ಮೈಕ್ರೋ ಆರ್‌ಎನ್‌ಎಗೆ ಅದರ ಅಳತೆಯನ್ನು ಕೊಡುವ ಕಿಣ್ವ.

ಉ) ಆರ್ಗೊನಾಟ್: ಮೈಕ್ರೋ ಆರ್‌ಎನ್‌ಎಯನ್ನು ಹಿಡಿದುಕೊಂಡು, ಅದು ತೋರಿಸಿದ ಸಂದೇಶದ ಮೇಲೆ ಕ್ರಮ ಜರುಗಿಸುವ ಪ್ರೋಟೀನು.

ಮೊದಲ ಮೈಕ್ರೋ ಆರ್‌ಎನ್‌ಎಯನ್ನು 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವೊಂದರಲ್ಲಿ ಗುರುತಿಸಲಾಯಿತು. ಈ ಶೋಧನೆಗಾಗಿ ಅಮೆರಿಕದ ವಿಜ್ಞಾನಿಗಳಾದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ನೇ ಸಾಲಿನ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

3. ಅಧ್ಯಯನಕ್ಕೆ ಆಯ್ದ ಮೀನು

ಈ ವಿಷಯದ ಬಹುಪಾಲು ತಿಳಿವಳಿಕೆಯು ಜೀಬ್ರಾ ಮೀನಿನಿಂದ ಬಂದಿದೆ. ಅಲಂಕಾರಿಕ ಮೀನುಗಳ ಅಂಗಡಿಗಳಲ್ಲಿ ಕಾಣಸಿಗುವ, ಮೈಮೇಲೆ ನೀಲಿ ಪಟ್ಟೆಗಳಿರುವ, ಬೆರಳಿಗಿಂತ ಚಿಕ್ಕದಾದ ಈ ಮೀನು ಮೂಲತಃ ನಮ್ಮ ಉಪಖಂಡದ್ದೇ ಆಗಿದೆ. ಗಂಗಾ ನದಿಯ ಮೀನುಗಳನ್ನು ಕುರಿತು 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಅವರು ಇದನ್ನು ಮೊದಲ ಬಾರಿಗೆ ವಿವರಿಸಿದರು. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಅವರ ಪ್ರಯತ್ನದಿಂದ ಇದು ಪ್ರಯೋಗಾಲಯದ ಮೀನಾಯಿತು. ದೆಹಲಿಯ ಜಿನೋಮಿಕ್ಸ್ ಮತ್ತು ಸಮಗ್ರ ಜೀವವಿಜ್ಞಾನ ಸಂಸ್ಥೆಯು ಈ ಮೀನಿನ ಕಾಡು ತಳಿಯೊಂದರ ಸಂಪೂರ್ಣ ವಂಶವಾಹಿ ಸರಣಿಯನ್ನು ಓದಿರುವುದಾಗಿ 2009ರಲ್ಲಿ ಪ್ರಕಟಿಸಿತು.

ಈ ಮೀನನ್ನು ಆಯ್ಕೆ ಮಾಡಲು ಕಾರಣಗಳು ಕೆಳಕಂಡಂತಿವೆ:

- ಮೊಟ್ಟೆಗಳು ತಾಯಿಯ ದೇಹದ ಹೊರಗೆ ಫಲಿತಗೊಳ್ಳುತ್ತವೆ. ಆದುದರಿಂದ ಮೊದಲ ನಿಮಿಷದಿಂದಲೇ ವೀಕ್ಷಿಸಬಹುದು.
- ಭ್ರೂಣವು ಪಾರದರ್ಶಕವಾಗಿರುತ್ತದೆ.
- ಬೆಳವಣಿಗೆ ಅತಿ ವೇಗವಾಗಿ ಆಗುತ್ತದೆ.
- ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಮೀನುಗಳು ಸೇರಿರುವ ಗಣಕ್ಕೇ ಈ ಮೀನೂ ಸೇರಿದೆ.

4. ಮೊದಲ ಮೂರು ದಿನಗಳ ವೇಳಾಪಟ್ಟಿ

28.5 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ನೀರಿನಲ್ಲಿ ಜೀಬ್ರಾ ಮೀನಿನ ಭ್ರೂಣದ ಬೆಳವಣಿಗೆಯು ಈ ಕೆಳಗಿನಂತೆ ಸಾಗುತ್ತದೆ. ಕಾಲವನ್ನು ಫಲೀಕರಣದಿಂದ ಲೆಕ್ಕ ಹಾಕಲಾಗಿದೆ.

- ಸುಮಾರು 45 ನಿಮಿಷ: ಒಂದು ಕೋಶವು ಎರಡಾಗುತ್ತದೆ. ಅಲ್ಲಿಂದ ಮುಂದೆ ಸುಮಾರು 15 ನಿಮಿಷಕ್ಕೊಮ್ಮೆ ಎಲ್ಲ ಕೋಶಗಳೂ ಒಟ್ಟಿಗೆ ವಿಭಜನೆಯಾಗುತ್ತವೆ.
- ಸುಮಾರು 2 ಗಂಟೆ: 64 ಕೋಶಗಳು.
- ಸುಮಾರು 3 ಗಂಟೆ: ಒಂದು ಸಾವಿರ ಕೋಶಗಳು. ವಿಭಜನೆಯ ವೇಗ ತಗ್ಗುತ್ತದೆ. ಭ್ರೂಣದ ಸ್ವಂತ ವಂಶವಾಹಿಗಳು ವ್ಯಾಪಕವಾಗಿ ಕಾರ್ಯಾರಂಭ ಮಾಡುತ್ತವೆ.
- ಸುಮಾರು 4ರಿಂದ 5 ಗಂಟೆ: ಕೋಶಗಳ ಹೊದಿಕೆಯು ಹಳದಿ ಭಂಡಾರದ ಮೇಲೆ ಹರಡಲಾರಂಭಿಸುತ್ತದೆ.
- ಸುಮಾರು 5ರಿಂದ 10 ಗಂಟೆ: ಕೋಶಗಳು ಸ್ಥಳಾಂತರಗೊಂಡು ಚರ್ಮ, ಸ್ನಾಯು, ಕರುಳು ಮುಂತಾದವುಗಳಿಗೆ ಮೂಲವಾದ ಪದರಗಳು ಏರ್ಪಡುತ್ತವೆ.
- ಸುಮಾರು 24 ಗಂಟೆ: ತಲೆ, ಕಣ್ಣು, ಬಾಲ ಗುರುತಿಸುವಂತಾಗುತ್ತವೆ, ಹೃದಯ ಬಡಿತ ಆರಂಭವಾಗುತ್ತದೆ.
- 48ರಿಂದ 72 ಗಂಟೆ: ಮರಿ ಹೊರಬರುತ್ತದೆ.

5. ತಾಯಿ ಬಿಟ್ಟುಹೋದ ಸಂದೇಶಗಳು

ಮೇಲ್ಕಂಡ ವೇಳಾಪಟ್ಟಿಯ ಮೊದಲ ಮೂರು ಗಂಟೆಗಳಲ್ಲಿ ಭ್ರೂಣದ ಸ್ವಂತ ವಂಶವಾಹಿಗಳು ಬಹುಮಟ್ಟಿಗೆ ಮೌನವಾಗಿರುತ್ತವೆ. ಈ ಅವಧಿಯ ಕೆಲಸಕ್ಕೆ ಬೇಕಾದ ಸಂದೇಶಗಳನ್ನೂ ಪ್ರೋಟೀನುಗಳನ್ನೂ ತಾಯಿಮೀನು ತನ್ನ ಅಂಡಾಶಯದಲ್ಲಿ ಮೊಟ್ಟೆ ಬಲಿಯುವಾಗಲೇ ತುಂಬಿಸಿರುತ್ತದೆ.

ಇದಕ್ಕೆ ಸಾಕ್ಷ್ಯ ಸ್ಪಷ್ಟವಾಗಿದೆ. ವಿಷ ಅಣಬೆಯಿಂದ ದೊರೆಯುವ ಆಲ್ಫಾ-ಅಮಾನಿಟಿನ್ ಎಂಬ ವಸ್ತುವು ಹೊಸ ಸಂದೇಶಗಳ ತಯಾರಿಕೆಯನ್ನು ತಡೆಯುತ್ತದೆ. ಇದನ್ನು ಜೀಬ್ರಾ ಮೀನಿನ ಮೊಟ್ಟೆಗೆ ಚುಚ್ಚಿದಾಗ, ಭ್ರೂಣವು ತನ್ನದೇ ಆದ ಒಂದು ಸಂದೇಶವನ್ನೂ ತಯಾರಿಸಲಾರದಿದ್ದರೂ ಆರಂಭಿಕ ವಿಭಜನೆಗಳನ್ನು ಎಂದಿನಂತೆ ಪೂರೈಸುತ್ತದೆ. ಸಾವಿರ ಕೋಶಗಳ ಹಂತದವರೆಗೆ ಅದನ್ನು ಆರೋಗ್ಯವಂತ ಭ್ರೂಣದಿಂದ ಬೇರ್ಪಡಿಸಿ ಹೇಳುವುದು ಕಷ್ಟ. ಆದರೆ ಕೋಶಗಳು ಹಳದಿ ಭಂಡಾರದ ಮೇಲೆ ಹರಡಬೇಕಾದ ಹಂತದಲ್ಲಿ ಬೆಳವಣಿಗೆ ನಿಂತುಹೋಗುತ್ತದೆ. ಅಂದರೆ, ಮೊದಲ ಗಂಟೆಗಳ ಸೊಗಸಾದ ವಿಭಜನೆಯು ತಾಯಿಯ ದಾಸ್ತಾನು ಚೆನ್ನಾಗಿದೆ ಎಂಬುದನ್ನು ತೋರಿಸುತ್ತದೆಯೇ ಹೊರತು ಭ್ರೂಣವು ಬದುಕಲು ಸಮರ್ಥವಾಗಿದೆ ಎಂಬುದನ್ನು ದೃಢೀಕರಿಸುವುದಿಲ್ಲ.

6. ಹಳೆಯ ಸಂದೇಶಗಳನ್ನು ತೆರವುಗೊಳಿಸುವ ಅಗತ್ಯ

ಕಚೇರಿಯೊಂದರಲ್ಲಿ ಅಧಿಕಾರಿಯವರು ಬದಲಾದಾಗ, ಹಿಂದಿನ ಆದೇಶಗಳಲ್ಲಿ ಅವಧಿ ಮುಗಿದವುಗಳನ್ನು ರದ್ದುಪಡಿಸದೆ ಹೊಸ ಆದೇಶಗಳನ್ನು ಹೊರಡಿಸಿದರೆ ಸಿಬ್ಬಂದಿಯವರು ಯಾವುದನ್ನು ಪಾಲಿಸಬೇಕೆಂಬ ಗೊಂದಲ ಉಂಟಾಗುತ್ತದೆ. ಭ್ರೂಣದ ಸ್ಥಿತಿಯೂ ಹೀಗೆಯೇ. 'ಮೊಟ್ಟೆಯಾಗಿರು', 'ಬೇಗ ಬೇಗ ವಿಭಜನೆಯಾಗು' ಎಂಬ ಅರ್ಥದ ಹಳೆಯ ಸಂದೇಶಗಳು ಉಳಿದುಕೊಂಡರೆ, 'ಸ್ನಾಯುವಾಗು', 'ನರವಾಗು' ಎಂಬ ಹೊಸ ಸಂದೇಶಗಳ ಪಾಲನೆಗೆ ಅಡ್ಡಿಯಾಗುತ್ತದೆ. ಆದುದರಿಂದ ಹೊಸದನ್ನು ಹೊರಡಿಸುವುದು, ಹಳೆಯದನ್ನು ತೆರವುಗೊಳಿಸುವುದು ಎರಡೂ ಜೊತೆಜೊತೆಯಾಗಿ ನಡೆಯಬೇಕಾಗುತ್ತದೆ.

7. ಮಿರ್-430ರ ಉತ್ಪತ್ತಿ

ಈ ತೆರವು ಕಾರ್ಯದ ಪ್ರಮುಖ ಸಾಧನವೇ ಮಿರ್-430 ಎಂಬ ಹೆಸರಿನ ಮೈಕ್ರೋ ಆರ್‌ಎನ್‌ಎ ಬಳಗ. ಇದರ ವಂಶವಾಹಿಯು ಜೀಬ್ರಾ ಮೀನಿನ 4ನೇ ವರ್ಣತಂತುವಿನ ಮೇಲೆ ಹತ್ತಾರು ಪ್ರತಿಗಳ ಗುಚ್ಛವಾಗಿದೆ. ಪ್ರತಿಗಳು ಹೆಚ್ಚಾಗಿರುವುದರಿಂದ ಅಲ್ಪಾವಧಿಯಲ್ಲಿ ಅಪಾರ ಸಂಖ್ಯೆಯಲ್ಲಿ ಮಿರ್-430 ತಯಾರಾಗಲು ಅವಕಾಶವಿದೆ. ಭ್ರೂಣದಲ್ಲಿ ಎಲ್ಲಕ್ಕಿಂತ ಮೊದಲು ಎಚ್ಚರಗೊಳ್ಳುವ ವಂಶವಾಹಿಗಳಲ್ಲಿ ಇದೂ ಒಂದು. ಇತರ ವಂಶವಾಹಿಗಳು ಮೌನವಾಗಿರುವಾಗಲೇ, ಸುಮಾರು 64 ಕೋಶಗಳ ಹಂತದಲ್ಲಿ ಈ ಗುಚ್ಛದ ಚಟುವಟಿಕೆಯು ಸೂಕ್ಷ್ಮದರ್ಶಕಕ್ಕೆ ಕಾಣಸಿಗುತ್ತದೆ.

ಇದನ್ನು ಎಚ್ಚರಿಸುವವರು ಯಾರು? 2013ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ನ್ಯಾನೋಗ್, ಪೌ5ಎಫ್ ಮತ್ತು ಸಾಕ್ಸ್-ಬಿ1 ಎಂಬ ಪ್ರೋಟೀನುಗಳು ಭ್ರೂಣದ ಮೊದಲ ವಂಶವಾಹಿಗಳನ್ನು ಎಚ್ಚರಿಸುತ್ತವೆ. ಮಿರ್-430 ಕೂಡ ಇವುಗಳಲ್ಲಿ ಸೇರಿದೆ. ಈ ಪ್ರೋಟೀನುಗಳು ತಯಾರಾಗುವುದು ತಾಯಿ ಬಿಟ್ಟುಹೋದ ಸಂದೇಶಗಳಿಂದಲೇ. ಹೀಗಾಗಿ, ತನ್ನ ಆದೇಶಗಳನ್ನು ರದ್ದುಪಡಿಸುವ ವ್ಯವಸ್ಥೆಯನ್ನೂ ತಾಯಿಯೇ ಮುಂಚಿತವಾಗಿ ಏರ್ಪಡಿಸಿಟ್ಟಿರುತ್ತಾಳೆ ಎಂಬುದು ಗಮನಾರ್ಹವಾಗಿದೆ.

8. ಕಾರ್ಯವಿಧಾನ

ಮಿರ್-430 ಕೆಲಸ ಮಾಡುವ ಹಂತಗಳು ಕೆಳಕಂಡಂತಿವೆ:

(1) ತಯಾರಿ: ವಂಶವಾಹಿಯಿಂದ ಉದ್ದನೆಯ ಆರ್‌ಎನ್‌ಎ ಹೊರಬರುತ್ತದೆ. ಅದು ತನ್ನ ಮೇಲೆ ತಾನೇ ಮಡಿಚಿಕೊಂಡು ಕೂದಲ ಪಿನ್ನಿನ ಆಕಾರ ತಾಳುತ್ತದೆ. ಡ್ರೋಷಾ ಎಂಬ ಕಿಣ್ವವು ಕೋಶಕೇಂದ್ರದ ಒಳಗೆ, ಡೈಸರ್ ಕಿಣ್ವವು ಹೊರಗೆ ಅದನ್ನು ಕತ್ತರಿಸುತ್ತವೆ.

(2) ಜೋಡಣೆ: ಹೀಗೆ ದೊರೆತ ಸಣ್ಣ ಆರ್‌ಎನ್‌ಎ ಆರ್ಗೊನಾಟ್ ಪ್ರೋಟೀನಿನೊಳಗೆ ಕೂರುತ್ತದೆ.

(3) ಗುರುತಿಸುವಿಕೆ: ಸಣ್ಣ ಆರ್‌ಎನ್‌ಎಯ ಆರಂಭದ ಕೆಲವು ಅಕ್ಷರಗಳು ಸಂದೇಶದ ಕೊನೆಯ ಭಾಗದಲ್ಲಿರುವ ಹೊಂದುವ ಅಕ್ಷರಗಳಿಗೆ ಅಂಟಿಕೊಳ್ಳುತ್ತವೆ. ಹಾಗೆ ತೆರವಾಗುವ ಸಂದೇಶಗಳಲ್ಲಿ ಜಿ-ಸಿ-ಎ-ಸಿ-ಯು-ಯು ಎಂಬ ಆರು ಅಕ್ಷರಗಳ ಗುರುತು ಹೆಚ್ಚಾಗಿ ಕಂಡುಬಂದಿದೆ. ಇಷ್ಟು ಚಿಕ್ಕ ಗುರುತು ಸಾಕಾಗುವುದರಿಂದಲೇ ಒಂದೇ ಮೈಕ್ರೋ ಆರ್‌ಎನ್‌ಎ ಬಳಗವು ನೂರಾರು ಬೇರೆ ಬೇರೆ ಸಂದೇಶಗಳ ಮೇಲೆ ಕ್ರಮ ಜರುಗಿಸಬಲ್ಲದು.

(4) ತಡೆ: ಮೊದಲಿಗೆ ಸಂದೇಶದಿಂದ ಪ್ರೋಟೀನು ತಯಾರಾಗುವುದು ತಗ್ಗುತ್ತದೆ. ಸಂದೇಶವು ನಾಶವಾಗುವುದಕ್ಕೆ ಮುಂಚೆಯೇ ಈ ತಡೆ ಉಂಟಾಗುತ್ತದೆ ಎಂಬುದನ್ನು 2012ರಲ್ಲಿ ತೋರಿಸಲಾಯಿತು.

(5) ತೆರವು: ಸಂದೇಶದ ತುದಿಯಲ್ಲಿರುವ 'ಎ' ಅಕ್ಷರಗಳ ಬಾಲವನ್ನು ಕಿಣ್ವಗಳು ಮೊಟಕುಗೊಳಿಸುತ್ತವೆ. ಬಾಲ ಕಳೆದುಕೊಂಡ ಸಂದೇಶವು ಅನಂತರ ಚೂರುಚೂರಾಗಿ ನಾಶವಾಗುತ್ತದೆ.

ಬಾಲದ ಉದ್ದಕ್ಕೆ ಇಷ್ಟು ಮಹತ್ವ ಬರಲು ಕಾರಣವು 2014ರ ಅಧ್ಯಯನದಿಂದ ತಿಳಿದುಬಂದಿತು. ಆರಂಭಿಕ ಭ್ರೂಣದಲ್ಲಿ ಬಾಲ ಉದ್ದವಿದ್ದಷ್ಟೂ ಸಂದೇಶವು ಹೆಚ್ಚಾಗಿ ಓದಲ್ಪಡುತ್ತದೆ. ಪದರಗಳು ಏರ್ಪಡುವ ಹಂತ ದಾಟಿದ ಮೇಲೆ ಈ ಸಂಬಂಧ ಉಳಿಯುವುದಿಲ್ಲ. ಆದುದರಿಂದ ಆರಂಭಿಕ ಗಂಟೆಗಳಲ್ಲಿ ಬಾಲವನ್ನು ಕತ್ತರಿಸುವುದೆಂದರೆ ಸಂದೇಶವು ಇನ್ನೂ ಇದ್ದಂತೆಯೇ ಅದರ ಬಾಯಿ ಕಟ್ಟಿದಂತೆ.

9. ಇದು ತಿಳಿದುಬಂದ ಬಗೆ

ಡೈಸರ್ ಕಿಣ್ವವಿಲ್ಲದಿದ್ದರೆ ಮೈಕ್ರೋ ಆರ್‌ಎನ್‌ಎಗಳು ಬಹುಮಟ್ಟಿಗೆ ತಯಾರಾಗುವುದಿಲ್ಲ. ಆದ್ದರಿಂದ ವಿಜ್ಞಾನಿಗಳು 2003ರಲ್ಲಿ ಡೈಸರ್ ವಂಶವಾಹಿ ಕೆಟ್ಟುಹೋದ ಜೀಬ್ರಾ ಮೀನುಗಳನ್ನು ಪರಿಶೀಲಿಸಿದರು. ಆದರೆ ಅವು ಆರಂಭದಲ್ಲಿ ಸರಿಯಾಗಿಯೇ ಬೆಳೆದವು. ತಾಯಿ ಮೊಟ್ಟೆಯಲ್ಲಿ ಇರಿಸಿದ್ದ ಡೈಸರ್ ದಾಸ್ತಾನೇ ಇದಕ್ಕೆ ಕಾರಣವಾಗಿತ್ತು.

ಈ ತೊಡಕನ್ನು ಆಂಟೋನಿಯೊ ಗಿರಾಲ್ಡೆಸ್, ಅಲೆಕ್ಸಾಂಡರ್ ಶಿಯರ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪರಿಹರಿಸಿದರು. ಆರೋಗ್ಯವಂತ ಮೀನಿನ ಭ್ರೂಣದಲ್ಲಿ ಲಿಂಗಕೋಶಗಳನ್ನು ಮಾತ್ರ ಬದಲಿಸಿ, ಡೈಸರ್ ಇಲ್ಲದ ಲಿಂಗಕೋಶಗಳನ್ನು ಸೇರಿಸಿದರು. ಹಾಗೆ ಬೆಳೆದ ಮೀನುಗಳ ಸಂತಾನಕ್ಕೆ ತಾಯಿಯಿಂದಲೂ ಡೈಸರ್ ದೊರೆಯಲಿಲ್ಲ, ಸ್ವಂತವಾಗಿಯೂ ಇರಲಿಲ್ಲ. ಅಂತಹ ಭ್ರೂಣಗಳಲ್ಲಿ ತಲೆ-ಬಾಲಗಳ ದಿಕ್ಕು ಏರ್ಪಟ್ಟಿತು. ಮುಖ್ಯ ಬಗೆಯ ಕೋಶಗಳೂ ಹುಟ್ಟಿದವು. ಆದರೆ ಕೋಶಗಳ ಸ್ಥಳಾಂತರ ಅಸ್ತವ್ಯಸ್ತವಾಯಿತು. ಮಿದುಳಿನ ಆಕಾರ ಕೆಟ್ಟಿತು. ಹೃದಯವೂ ಸರಿಯಾಗಿ ರೂಪುಗೊಳ್ಳಲಿಲ್ಲ.

ಇಂತಹ ಭ್ರೂಣಗಳಿಗೆ ಒಂದೇ ಕೋಶದ ಹಂತದಲ್ಲಿ ಮಿರ್-430 ಅನ್ನು ಚುಚ್ಚಿದಾಗ ಮಿದುಳಿನ ದೋಷವು ಬಹುಮಟ್ಟಿಗೆ ಸರಿಹೋಯಿತು. ನೂರಾರು ಮೈಕ್ರೋ ಆರ್‌ಎನ್‌ಎಗಳ ಕೊರತೆಯಿದ್ದ ಭ್ರೂಣವನ್ನು ಒಂದೇ ಬಳಗವು ಇಷ್ಟರಮಟ್ಟಿಗೆ ಸುಧಾರಿಸಿದ್ದು ಮಹತ್ವದ ಸಂಗತಿಯಾಗಿತ್ತು. ಮರುವರ್ಷ, 2006ರಲ್ಲಿ, ಅದೇ ತಂಡವು ಮಿರ್-430ರ ಗುರಿಗಳಲ್ಲಿ ನೂರಾರು ತಾಯಿಯ ಸಂದೇಶಗಳಿವೆಯೆಂದೂ, ಸದರಿ ಸಂದೇಶಗಳ ಬಾಲವನ್ನು ತೆಗೆಸಿ ಅವುಗಳನ್ನು ತೆರವುಗೊಳಿಸುವುದೇ ಇದರ ಕೆಲಸವೆಂದೂ ತೋರಿಸಿತು.

ಆದಾಗ್ಯೂ ತೆರವು ಕಾರ್ಯವು ಮಿರ್-430 ಒಂದರಿಂದಲೇ ಆಗುತ್ತದೆ ಎಂದು ಭಾವಿಸತಕ್ಕದ್ದಲ್ಲ. ಸಂದೇಶದಲ್ಲಿ ಬಳಕೆಯಾಗಿರುವ ಮೂರಕ್ಷರಗಳ ಸಂಕೇತಗಳ ಆಯ್ಕೆಯೂ ಅದರ ಆಯುಸ್ಸನ್ನು ನಿರ್ಧರಿಸುತ್ತದೆ ಎಂಬುದು 2016ರಲ್ಲಿ ಪ್ರಕಟವಾದ ಅಧ್ಯಯನಗಳಿಂದ ತಿಳಿದುಬಂದಿದೆ. ತಾಯಿಯೇ ಇರಿಸಿದ ಕೆಲವು ವ್ಯವಸ್ಥೆಗಳು ಭ್ರೂಣದ ವಂಶವಾಹಿಗಳು ಎಚ್ಚರಗೊಳ್ಳುವ ಮೊದಲೇ ತೆರವನ್ನು ಆರಂಭಿಸಿರುತ್ತವೆ.

10. ತೆರವಿನಿಂದ ವಿನಾಯಿತಿ

ತಾಯಿಯ ಎಲ್ಲ ಸಂದೇಶಗಳನ್ನೂ ಎಲ್ಲ ಕೋಶಗಳಲ್ಲೂ ತೆರವುಗೊಳಿಸಿದರೆ ಮುಂದಿನ ಪೀಳಿಗೆಗೆ ತೊಂದರೆಯಾಗುತ್ತದೆ. ಮುಂದೆ ಮೊಟ್ಟೆ ಅಥವಾ ವೀರ್ಯವಾಗಬೇಕಾದ ಕೆಲವೇ ಕೋಶಗಳು ಭ್ರೂಣದಲ್ಲಿ ಬಹು ಬೇಗನೆ ಪ್ರತ್ಯೇಕಗೊಳ್ಳುತ್ತವೆ. ನ್ಯಾನೋಸ್ ಮತ್ತು ಟಿಡಿಆರ್‌ಡಿ7 ಎಂಬ ಸಂದೇಶಗಳು ಈ ಕೋಶಗಳಿಗೆ ಅವಶ್ಯ. ಮಿರ್-430 ಈ ಸಂದೇಶಗಳನ್ನು ದೇಹದ ಇತರ ಕೋಶಗಳಲ್ಲಿ ತೆರವುಗೊಳಿಸುತ್ತದೆ. ಆದರೆ ಲಿಂಗಕೋಶಗಳಲ್ಲಿ ಅವು ಉಳಿದುಕೊಳ್ಳುತ್ತವೆ. ಅಲ್ಲಿರುವ ಡೆಡ್ ಎಂಡ್ ಎಂಬ ಪ್ರೋಟೀನು ಸಂದೇಶದ ಮೇಲೆ ಕುಳಿತು ಮಿರ್-430 ಅಂಟಿಕೊಳ್ಳುವುದನ್ನು ತಡೆಯುವುದೇ ಇದಕ್ಕೆ ಕಾರಣವೆಂದು 2007ರಲ್ಲಿ ಪ್ರಕಟವಾಯಿತು. ಒಂದೇ ನಿಯಮ, ಒಂದೇ ಸಂದೇಶ. ಆದರೂ ಕೋಶಕ್ಕೆ ತಕ್ಕಂತೆ ಫಲಿತಾಂಶ ಬೇರೆಯಾಗುತ್ತದೆ.

11. ಸಮತೋಲನ ಕಾಪಾಡುವುದು

ಮಿರ್-430ರ ಕೆಲಸವು ಹಳೆಯದನ್ನು ತೆರವುಗೊಳಿಸುವುದಕ್ಕಷ್ಟೇ ಸೀಮಿತವಲ್ಲ. ಭ್ರೂಣದ ಒಳಪದರ ಮತ್ತು ನಡುಪದರಗಳು ಏರ್ಪಡಲು ಸ್ಕ್ವಿಂಟ್ ಎಂಬ ಸಂಕೇತ ಪ್ರೋಟೀನು ಬೇಕು. ಅದಕ್ಕೆ ಕಡಿವಾಣ ಹಾಕಲು ಲೆಫ್ಟಿ ಎಂಬ ಪ್ರೋಟೀನಿದೆ. ಮಿರ್-430 ಈ ಎರಡರ ಸಂದೇಶಗಳನ್ನೂ ತಗ್ಗಿಸುತ್ತದೆ. ಜಮಾ ಮತ್ತು ಖರ್ಚು ಎರಡನ್ನೂ ಮಿತಿಯಲ್ಲಿಟ್ಟಾಗ ಶಿಲ್ಕು ಸರಿಯಾಗಿ ಉಳಿಯುವಂತೆ, ಇಲ್ಲಿಯೂ ಸಂಕೇತವು ಹದವಾಗಿ ಉಳಿಯುತ್ತದೆ.

2007ರ ಪ್ರಯೋಗವೊಂದರಲ್ಲಿ ಒಂದು ಸಂದೇಶವನ್ನು ಮಾತ್ರ ಮಿರ್-430ರಿಂದ ರಕ್ಷಿಸಲಾಯಿತು. ಸ್ಕ್ವಿಂಟ್ ಸಂದೇಶವನ್ನು ರಕ್ಷಿಸಿದಾಗ ಸಂಕೇತವು ಮಿತಿಮೀರಿತು. ಲೆಫ್ಟಿ ಸಂದೇಶವನ್ನು ರಕ್ಷಿಸಿದಾಗ ಕುಂದಿತು. ಎರಡು ಸಂದರ್ಭಗಳಲ್ಲೂ ಭ್ರೂಣದ ಬೆಳವಣಿಗೆಯಲ್ಲಿ ವ್ಯತ್ಯಾಸ ಉಂಟಾಯಿತು.

12. ಇತರ ಪ್ರಾಣಿಗಳಲ್ಲಿ

ಜಪಾನಿನ ಮೆಡಾಕಾ ಮೀನಿನಲ್ಲಿಯೂ ಮಿರ್-430 ಕಂಡುಬಂದಿದೆ. ಆಫ್ರಿಕಾದ ಝೆನೋಪಸ್ ಕಪ್ಪೆಯಲ್ಲಿ ಇದೇ ಬಳಗದ ಮಿರ್-427 ಎಂಬುದು ತಾಯಿಯ ಸಂದೇಶಗಳನ್ನು ತೆರವುಗೊಳಿಸುತ್ತದೆ. ಮನುಷ್ಯನೂ ಸೇರಿದಂತೆ ಸಸ್ತನಿಗಳ ಆರಂಭಿಕ ಭ್ರೂಣಕೋಶಗಳಲ್ಲಿರುವ ಮಿರ್-302 ಬಳಗವೂ ಇದಕ್ಕೆ ಹತ್ತಿರದ್ದಾಗಿದೆ. ತಾಯಿಯಿಂದ ಸಂತಾನಕ್ಕೆ ಅಧಿಕಾರ ಹಸ್ತಾಂತರವಾಗುವ ಘಟ್ಟವು ಪ್ರಾಣಿಗಳಲ್ಲೆಲ್ಲ ಇರುತ್ತದೆ. ಕಾಲಾವಧಿ ಮಾತ್ರ ಬೇರೆ ಬೇರೆಯಾಗಿರುತ್ತದೆ.

13. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಮೇಲಿನ ಸಂಶೋಧನೆಗಳು ಪ್ರಯೋಗಾಲಯದವು. ಆದರೂ ಮರಿ ಉತ್ಪಾದನೆ ಕೈಗೊಳ್ಳುವವರು ಇವುಗಳಿಂದ ಕೆಳಕಂಡ ಅಂಶಗಳನ್ನು ತಿಳಿದುಕೊಳ್ಳಬಹುದು:

- ಮೊಟ್ಟೆಯ ಮೊದಲ ದಾಸ್ತಾನು ತಾಯಿಮೀನಿನದು. ಅದು ತುಂಬುವುದು ಮೊಟ್ಟೆ ಇಡುವ ದಿನವಲ್ಲ. ಅಂಡಾಶಯದಲ್ಲಿ ಮೊಟ್ಟೆ ಬಲಿಯುವ ಅವಧಿಯಲ್ಲಿ. ಆದುದರಿಂದ ತಳಿಮೀನುಗಳ ಆಹಾರ ಮತ್ತು ಆರೈಕೆಗೆ ತಿಂಗಳುಗಳ ಮೊದಲಿನಿಂದಲೇ ಗಮನ ಕೊಡತಕ್ಕದ್ದು.
- ಮೊದಲ ವಿಭಜನೆಗಳನ್ನು ಮಾತ್ರ ನೋಡಿ ಇಡೀ ತಂಡದ ಮೊಟ್ಟೆಗಳು ಉತ್ತಮವೆಂದು ತೀರ್ಮಾನಿಸಬಾರದು. ಕೋಶಗಳ ಹೊದಿಕೆಯು ಹಳದಿ ಭಂಡಾರವನ್ನು ಆವರಿಸಿದ ಮೇಲೆ ಮಾಡುವ ಎಣಿಕೆಯು ಹೆಚ್ಚು ವಿಶ್ವಾಸಾರ್ಹ.
- ಹಸ್ತಾಂತರದ ಗಂಟೆಗಳಲ್ಲಿ ನೀರಿನ ಉಷ್ಣಾಂಶ ಮತ್ತು ಹರಿವು ಸ್ಥಿರವಾಗಿರುವಂತೆ ನೋಡಿಕೊಳ್ಳುವುದು ಒಳ್ಳೆಯದು.
- ಮೊಟ್ಟೆಗಳು ಸತ್ತಾಗ ನೀರನ್ನಾಗಲಿ ಗಂಡು ಮೀನನ್ನಾಗಲಿ ಮಾತ್ರ ದೂರದೆ, ಯಾವ ತಾಯಿಮೀನಿನ ಮೊಟ್ಟೆಗಳು ಯಾವ ಹಂತದಲ್ಲಿ ಸತ್ತವು ಎಂಬುದನ್ನು ವಹಿಯಲ್ಲಿ ದಾಖಲಿಸುವುದು ಸೂಕ್ತ.

14. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗಂಡು ಮೀನಿನ ಪಾತ್ರವೇನೂ ಇಲ್ಲವೇ?
ಉತ್ತರ: ಇದೆ. ಭ್ರೂಣದ ವಂಶವಾಹಿಗಳಲ್ಲಿ ಅರ್ಧದಷ್ಟು ತಂದೆಯಿಂದ ಬಂದವು. ಆದರೆ ಅವು ಕಾರ್ಯಾರಂಭ ಮಾಡುವುದು ಬಹುಮಟ್ಟಿಗೆ ಹಸ್ತಾಂತರದ ಘಟ್ಟದಿಂದ ಈಚೆಗೆ.

ಪ್ರಶ್ನೆ: ಮಿರ್-430 ಅನ್ನು ಮರಿ ಉತ್ಪಾದನಾ ತೊಟ್ಟಿಯ ನೀರಿಗೆ ಬೆರೆಸಿದರೆ ಮೊಟ್ಟೆಗಳ ಸಾವು ಕಡಿಮೆಯಾಗುವುದೇ?
ಉತ್ತರ: ಇಲ್ಲಿ ವಿವರಿಸಿರುವ ಯಾವ ಪ್ರಯೋಗದಲ್ಲಿಯೂ ಅದನ್ನು ನೀರಿಗೆ ಬೆರೆಸಿರುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಿಂದ ಒಂದೊಂದೇ ಮೊಟ್ಟೆಗೆ ಚುಚ್ಚಲಾಗಿದೆ. ಆರೋಗ್ಯವಂತ ಭ್ರೂಣವು ತನಗೆ ಬೇಕಾದ ಮಿರ್-430 ಅನ್ನು ತಾನೇ ತಯಾರಿಸಿಕೊಳ್ಳುತ್ತದೆ. ಇಂತಹ ಹೆಸರಿನಲ್ಲಿ ಯಾರಾದರೂ ಔಷಧಿ ಮಾರಲು ಬಂದರೆ ಹಣ ಕೊಡುವ ಮುನ್ನ ಮೀನುಗಾರಿಕೆ ತಜ್ಞರನ್ನು ವಿಚಾರಿಸತಕ್ಕದ್ದು.

ಪ್ರಶ್ನೆ: ಇದು ಕುಲಾಂತರಿ ತಂತ್ರಜ್ಞಾನವೇ?
ಉತ್ತರ: ಅಲ್ಲ. ಮೈಕ್ರೋ ಆರ್‌ಎನ್‌ಎಗಳು ಮೀನಿನಲ್ಲಿ ಸ್ವಾಭಾವಿಕವಾಗಿ ಇರುವಂಥವು. ಅವು ಮೂಲ ಡಿಎನ್‌ಎಯನ್ನು ಬದಲಾಯಿಸುವುದಿಲ್ಲ. ಅದರ ನಕಲು ಸಂದೇಶಗಳನ್ನು ಮಾತ್ರ ನಿಯಂತ್ರಿಸುತ್ತವೆ.

ಪ್ರಶ್ನೆ: ಕಾಟ್ಲಾ, ರೋಹು ಮೊಟ್ಟೆಗಳಿಗೂ ಇದೇ ವೇಳಾಪಟ್ಟಿ ಅನ್ವಯಿಸುವುದೇ?
ಉತ್ತರ: ಹಂತಗಳ ಕ್ರಮ ಅನ್ವಯಿಸುತ್ತದೆ, ಗಂಟೆಗಳು ಅನ್ವಯಿಸುವುದಿಲ್ಲ. ಜೀಬ್ರಾ ಮೀನಿನ ಮರಿ ಹೊರಬರಲು ಎರಡು ದಿನಗಳಿಗೂ ಮಿಕ್ಕಿ ಬೇಕು. ಈ ಗೆಂಡೆ ಮೀನುಗಳ ಮರಿಗಳು ಬೆಚ್ಚಗಿನ ನೀರಿನಲ್ಲಿ ಒಂದು ದಿನದೊಳಗೇ ಹೊರಬರುತ್ತವೆ. ಆದುದರಿಂದ ಗಡಿಯಾರವನ್ನು ನೋಡುವ ಬದಲು ಭ್ರೂಣದ ಹಂತವನ್ನು ನೋಡಿ ನಿರ್ಧರಿಸತಕ್ಕದ್ದು.

15. ಸೂಚನೆ

ಈ ಪುಟವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಸಿದ್ಧಪಡಿಸಲಾಗಿದೆ. ಯಾವುದೇ ಸೇವೆಗೆ ಅರ್ಜಿ ಸಲ್ಲಿಸಲು ಇಲ್ಲಿನ ವಿವರಗಳನ್ನು ತಿಳಿದಿರುವುದು ಕಡ್ಡಾಯವಲ್ಲ. ಆದರೆ ತಳಿಮೀನುಗಳನ್ನು ಆಯ್ಕೆ ಮಾಡುವ ಮುನ್ನ ಇದನ್ನು ಓದಿಕೊಂಡಲ್ಲಿ, ಕಣ್ಣಿಗೆ ಕಾಣುವ ಮೊಟ್ಟೆಯಷ್ಟೇ ಅದನ್ನಿಟ್ಟ ತಾಯಿಮೀನಿಗೂ ಗಮನ ಕೊಡುವುದು ಏಕೆ ಅಗತ್ಯ ಎಂಬುದು ಮನದಟ್ಟಾಗುತ್ತದೆ.